ಸೊಳ್ಳೆಬತ್ತಿಯೂ ಮನೆಯ ನಾಯಿಯೂ

ಕಂಪ್ಲಿಯ ಕಡೆ ನಾಟಿ ಮುಗಿದು ಗದ್ದೆಗಳಲ್ಲಿ ನೀರು ನಿಂತಿರುವ ದಿನಗಳಲ್ಲಿ, ಸಂಜೆಯಾಯಿತೆಂದರೆ ಮನೆಮನೆಯಲ್ಲಿಯೂ ಒಂದೇ ಕಾರ್ಯಕ್ರಮ. ಬಾಗಿಲು ಕಿಟಕಿಗಳನ್ನು ಮುಚ್ಚುವುದು, ಸೊಳ್ಳೆಬತ್ತಿಯನ್ನು ಹಚ್ಚಿ ಮಂಚದ ಕೆಳಗಿಡುವುದು. ವಿದ್ಯುತ್ತಿರುವ ಮನೆಗಳಲ್ಲಿ ಗೋಡೆಗೆ ಸಿಕ್ಕಿಸುವ ದ್ರವದ ಸೀಸೆಯೂ ಉಂಟು. ಆ ಮಂಚದ ಕೆಳಗೆ, ಬತ್ತಿಯಿಂದ ಒಂದು ಮೊಳ ದೂರದಲ್ಲಿ, ಮನೆಯ ನಾಯಿ ಮೂತಿಯನ್ನು ಮುಂಗಾಲುಗಳ ಮೇಲಿಟ್ಟು ಮಲಗಿರುತ್ತದೆ. ಮನೆಯವರಿಗೆ ಸೊಳ್ಳೆ ಕಚ್ಚಬಾರದೆಂಬ ಚಿಂತೆ. ನೆಲಮಟ್ಟದಲ್ಲಿ ಉಸಿರಾಡುವ ಆ ಪ್ರಾಣಿಯ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ.

ಈ ಪ್ರಾಂತಕ್ಕೂ ಕೀಟನಾಶಕಗಳಿಗೂ ಇರುವ ನಂಟು ಹಳೆಯದು. ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿದುದು 1953ರಲ್ಲಿ. ಅದಕ್ಕೆ ಶತಮಾನಗಳ ಹಿಂದೆಯೇ ವಿಜಯನಗರದ ಅರಸರು ತೋಡಿಸಿದ್ದ ತುರ್ತು ಕಾಲುವೆ, ಬಸವಣ್ಣ ಕಾಲುವೆ ಮೊದಲಾದುವು ಹಂಪೆ ಹೊಸಪೇಟೆಗಳ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದ್ದವು, ಈಗಲೂ ಉಣಿಸುತ್ತಿವೆ. ನೀರು ನಿಂತಲ್ಲಿ ಸೊಳ್ಳೆ ಮರಿಮಾಡುವುದು ಸಹಜ. ಕಾಕತಾಳೀಯವೋ ಏನೋ, ನಮ್ಮ ದೇಶದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಪ್ರಾರಂಭವಾದುದೂ ಅದೇ 1953ರಲ್ಲಿಯೇ. ಅದರ ಮುಖ್ಯ ಆಯುಧ ಡಿ.ಡಿ.ಟಿ. ಅದರ ಕೀಟನಾಶಕ ಶಕ್ತಿಯನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮ್ಯೂಲರನಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆತಿತ್ತು. ಕಾಲಕ್ರಮದಲ್ಲಿ ಸೊಳ್ಳೆಗಳು ಅದನ್ನು ಜೀರ್ಣಿಸಿಕೊಳ್ಳಲು ಕಲಿತವು. ಬೇಸಾಯದಲ್ಲಿ ಅದರ ಬಳಕೆಯನ್ನು 1989ರಲ್ಲಿ ನಿಷೇಧಿಸಲಾಯಿತು. ಈಗ ಪ್ರತಿಯೊಂದು ಮನೆಯೂ ಅಂಗಡಿಯಿಂದ ತಂದ ಬತ್ತಿ, ಸೀಸೆ, ಸೀಮೆಸುಣ್ಣ, ಪುಡಿಗಳಿಂದ ತನ್ನ ಯುದ್ಧವನ್ನು ತಾನೇ ಹೂಡುತ್ತಿದೆ.

ಹಾಗಾದರೆ ಈ ವಸ್ತುಗಳು ನಾಯಿಗೆ ವಿಷವೇ, ಅಲ್ಲವೇ? ವಿದ್ಯಾರ್ಥಿಗಳು ನನ್ನನ್ನು ಹಲವು ಬಾರಿ ಕೇಳಿದ ಪ್ರಶ್ನೆ ಇದು. ಪ್ರಶ್ನೆಯ ರೂಪದಲ್ಲಿಯೇ ದೋಷವಿದೆ. ಎಷ್ಟು, ಯಾವ ದಾರಿಯಿಂದ, ಯಾರ ದೇಹದೊಳಕ್ಕೆ ಎಂಬ ಮೂರನ್ನು ಸೇರಿಸಿ ಕೇಳಿದರೆ ಮಾತ್ರ ಅದಕ್ಕೆ ಉತ್ತರ ಸಿಕ್ಕೀತು.

ಮೊದಲು ಬತ್ತಿಯನ್ನೇ ನೋಡೋಣ. ಸೇವಂತಿಗೆಯ ಬಳಗಕ್ಕೆ ಸೇರಿದ ಒಂದು ಬಿಳಿಯ ಹೂವುಂಟು. ಪೈರೆತ್ರಮ್ ಎಂದು ಅದರ ಹೆಸರು. ಈ ಹೂವನ್ನು ಒಣಗಿಸಿ ಪುಡಿಮಾಡಿದರೆ ಕೀಟಗಳು ಅದಕ್ಕೆ ತಾಳಲಾರವು. ಜಪಾನಿನಲ್ಲಿ ಊಯೆಯಾಮ ಎಂಬ ಉದ್ಯಮಿಯು ಸುಮಾರು 1890ರಲ್ಲಿ ಈ ಪುಡಿಯನ್ನು ಊದುಬತ್ತಿಯಂತೆ ಹೊಸೆದನು; ಮುಂದೆ ಅದು ಸುರುಳಿಯ ರೂಪ ತಾಳಿತು. ಹೂವಿನಲ್ಲಿರುವ ಪೈರೆತ್ರಿನ್‌ಗಳ ರಚನೆಯನ್ನು ಅನುಕರಿಸಿ 1949ರಲ್ಲಿ ಅಲೆತ್ರಿನ್ ಎಂಬ ಕೃತಕ ವಸ್ತುವನ್ನು ತಯಾರಿಸಲಾಯಿತು. ಅನಂತರ ಪರ್ಮೆತ್ರಿನ್, ಡೆಲ್ಟಾಮೆತ್ರಿನ್, ಟ್ರಾನ್ಸ್‌ಫ್ಲೂತ್ರಿನ್ ಎಂದು ಒಂದು ದೊಡ್ಡ ಕುಟುಂಬವೇ ಬೆಳೆಯಿತು. ಇವಕ್ಕೆಲ್ಲ ಪೈರೆತ್ರಾಯ್ಡ್‌ಗಳೆಂದು ಹೆಸರು. ಇಂದು ಮನೆಗಳಲ್ಲಿ ಬಳಸುವ ಬತ್ತಿ, ಸೀಸೆ, ಜಿರಳೆಗೆ ಸಿಂಪಡಿಸುವ ದ್ರವ, ಇರುವೆಗಳಿಗೆ ಗೆರೆ ಎಳೆಯುವ ಸೀಮೆಸುಣ್ಣ ಇವುಗಳಲ್ಲಿ ಹೆಚ್ಚಿನವು ಈ ಕುಟುಂಬದವೇ.

ಇವು ಕೀಟವನ್ನು ಕೊಲ್ಲುವ ಬಗೆ ಕುತೂಹಲಕರವಾದುದು. ಕಾಲುವೆಯ ತೂಬನ್ನು ಜ್ಞಾಪಿಸಿಕೊಳ್ಳಿ. ಗದ್ದೆಗೆ ಬೇಕಾದಷ್ಟು ನೀರು ಬಿಟ್ಟು ತೂಬನ್ನು ಮುಚ್ಚಬೇಕು. ಮುಚ್ಚದಿದ್ದರೆ ಪೈರು ಮುಳುಗಿಹೋಗುತ್ತದೆ. ನರತಂತುವಿನ ಪೊರೆಯಲ್ಲಿಯೂ ಇಂತಹ ಅತಿ ಸೂಕ್ಷ್ಮವಾದ ತೂಬುಗಳಿವೆ. ಅವು ಕ್ಷಣಕಾಲ ತೆರೆದು ಸೋಡಿಯಂ ಅಯಾನುಗಳನ್ನು ಒಳಕ್ಕೆ ಬಿಟ್ಟುಕೊಂಡು ಮುಚ್ಚಿಕೊಳ್ಳುವುದರಿಂದಲೇ ನರದಲ್ಲಿ ಸಂದೇಶವು ಹರಿಯುತ್ತದೆ. ಪೈರೆತ್ರಾಯ್ಡಿನ ಅಣುವು ಈ ತೂಬಿಗೆ ಅಡ್ಡಲಾಗಿ ಕುಳಿತು ಅದು ಮುಚ್ಚದಂತೆ ಮಾಡುತ್ತದೆ. ನರವು ಎಡೆಬಿಡದೆ ಸಂದೇಶಗಳನ್ನು ಕಳುಹಿಸತೊಡಗುತ್ತದೆ; ಸೊಳ್ಳೆ ನಡುಗಿ, ತಲೆಕೆಳಗಾಗಿ ಬಿದ್ದು ಸಾಯುತ್ತದೆ.

ನಾಯಿಗೂ ನರಗಳಿವೆ, ತೂಬುಗಳೂ ಇವೆ. ಆದರೂ ಸೊಳ್ಳೆ ಸಾಯುವ ಕೋಣೆಯಲ್ಲಿ ನಾಯಿ ಸುಖವಾಗಿ ನಿದ್ರಿಸುತ್ತದೆ. ಇದಕ್ಕೆ ಕಾರಣಗಳು ಹಲವು. ಸಸ್ತನಿಗಳ ತೂಬುಗಳ ರಚನೆಯೇ ತುಸು ಬೇರೆ. ವಿಷವು ಅಲ್ಲಿ ಅಷ್ಟು ಗಟ್ಟಿಯಾಗಿ ಕೂಡದು. ಎರಡನೆಯದಾಗಿ, ನಾಯಿಯ ಪಿತ್ತಕೋಶದ ಪಕ್ಕದಲ್ಲಿ ದೊಡ್ಡದಾದ ಯಕೃತ್ತು ಇದೆ. ಅಲ್ಲಿನ ಕಿಣ್ವಗಳು ಈ ಅಣುಗಳನ್ನು ಬೇಗಬೇಗನೆ ತುಂಡರಿಸಿಬಿಡುತ್ತವೆ. ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಪೈರೆತ್ರಾಯ್ಡ್‌ಗಳು ತಣ್ಣನೆಯ ನರದ ಮೇಲೆ ಹೆಚ್ಚು ಉಗ್ರ, ಬೆಚ್ಚನೆಯ ನರದ ಮೇಲೆ ಕಡಿಮೆ. ಕೀಟದ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿ. ನಾಯಿಯ ಮೈಯಾದರೋ ಹಗಲಿರುಳೂ ಸುಮಾರು 38.5 ಸೆಂಟಿಗ್ರೇಡಿನಲ್ಲಿರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಬೆಕ್ಕಿನ ವಿಷಯ ಹೀಗಲ್ಲ. ಇಂತಹ ವಸ್ತುಗಳನ್ನು ಕಳೆದುಹಾಕಲು ಬೇಕಾದ ಒಂದು ಕ್ರಿಯೆ ಅದರ ಯಕೃತ್ತಿನಲ್ಲಿ ಬಹಳ ದುರ್ಬಲ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆತ್ರಿನ್ ಔಷಧವು ಬೆಕ್ಕನ್ನು ಕೊಲ್ಲಬಲ್ಲದು. ಎರಡನ್ನೂ ಸಾಕಿದವರು ನಾಯಿಗೆ ಹಚ್ಚಿದ ಔಷಧ ಒಣಗುವವರೆಗೆ ಅವನ್ನು ಬೇರೆಬೇರೆ ಇಡಬೇಕು.

ಇನ್ನು ಸ್ವಲ್ಪ ಲೆಕ್ಕ. ಗೋಡೆಗೆ ಸಿಕ್ಕಿಸುವ ಸೀಸೆಯಲ್ಲಿ 45 ಮಿಲಿಲೀಟರ್ ದ್ರವವಿದ್ದು, ಅದರಲ್ಲಿ ಟ್ರಾನ್ಸ್‌ಫ್ಲೂತ್ರಿನ್ ತೂಕದಲ್ಲಿ ಶೇಕಡಾ 1.6ರಷ್ಟಿದೆಯೆಂದು ಇಟ್ಟುಕೊಳ್ಳೋಣ. ದ್ರವವು ನೀರಿಗಿಂತ ಹಗುರ. ಒಟ್ಟು ತೂಕ ಸುಮಾರು 36 ಗ್ರಾಂ. ಆದುದರಿಂದ ಸೀಸೆಯಲ್ಲಿರುವ ಕೀಟನಾಶಕ ಸುಮಾರು 576 ಮಿಲಿಗ್ರಾಂ. ಸೀಸೆ 45 ರಾತ್ರಿ ಬಂದರೆ ರಾತ್ರಿಯೊಂದಕ್ಕೆ 13 ಮಿಲಿಗ್ರಾಂನಷ್ಟು ಗಾಳಿಗೆ ಸೇರಿತು. ಅದು ಕೋಣೆಯಲ್ಲೆಲ್ಲ ಹರಡಿ, ಕಿಟಕಿಯಿಂದ ಹೊರಕ್ಕೂ ಹೋಗಿ, ನಾಯಿಯ ಶ್ವಾಸಕೋಶವನ್ನು ಸೇರುವುದು ಅದರ ಒಂದು ಸಣ್ಣ ಭಾಗ ಮಾತ್ರ. 20 ಕಿಲೋಗ್ರಾಂ ತೂಗುವ ನಾಯಿಗೆ ಇದು ಗಣನೆಗೆ ಬಾರದು.

ಅದೇ ಸೀಸೆಯನ್ನು 4 ಕಿಲೋಗ್ರಾಂ ತೂಗುವ ಮರಿಯೊಂದು ಎಳೆದು ಕಡಿದರೆ? 576ನ್ನು 4ರಿಂದ ಭಾಗಿಸಿದರೆ ಕಿಲೋಗ್ರಾಮಿಗೆ 144 ಮಿಲಿಗ್ರಾಂ ಬರುತ್ತದೆ. ಅಂಕಿ ದೊಡ್ಡದಾಗಿ ಕಂಡರೂ ಮರಿಯನ್ನು ಕೊಲ್ಲುವುದು ಬಹುಶಃ ಅದಲ್ಲ. ಸೀಸೆಯ ದ್ರವದಲ್ಲಿ ಶೇಕಡಾ 98ರಷ್ಟು ಸೀಮೆ ಎಣ್ಣೆಯ ಜಾತಿಯ ದ್ರಾವಕ. ಅದು ನೀರಿನಂತೆ ತೆಳುವಾಗಿದ್ದು, ನುಂಗುವಾಗ ಅಥವಾ ವಾಂತಿಯಾಗುವಾಗ ಸುಲಭವಾಗಿ ಶ್ವಾಸನಾಳಕ್ಕೆ ಜಾರುತ್ತದೆ. ಶ್ವಾಸಕೋಶದ ಒಳಪದರವನ್ನು ಸುಟ್ಟು ಉರಿಯೂತವನ್ನುಂಟುಮಾಡುತ್ತದೆ. ಆದುದರಿಂದಲೇ ಇಂತಹ ದ್ರವ ಕುಡಿದ ನಾಯಿಗೆ ಎಂದೂ ವಾಂತಿ ಮಾಡಿಸಬಾರದು. ಗೋಡೆಯ ಮೇಲಿರುವಾಗ ನಿರಪಾಯವಾಗಿದ್ದ ಸೀಸೆ ಬಾಯಿಗೆ ಬಂದೊಡನೆ ಮತ್ತೊಂದೇ ವಸ್ತುವಾಯಿತು. ಅದರ ಮೇಲೆ ಬರೆದ ರಾಸಾಯನಿಕದ ಹೆಸರು ಮಾತ್ರ ಬದಲಾಗಲಿಲ್ಲ.

ಸುರುಳಿಬತ್ತಿಯಲ್ಲಿ ಕೀಟನಾಶಕ ಇರುವುದು ಅತ್ಯಲ್ಪ. ಉಳಿದುದೆಲ್ಲ ಮರದ ಹೊಟ್ಟು, ಅಂಟು ಮುಂತಾದುವು. ಅಲ್ಲಿ ಯೋಚಿಸಬೇಕಾದುದು ಹೊಗೆಯನ್ನು. ಒಂದು ಸುರುಳಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮನೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಬಾಧೆಯಿಲ್ಲವೆಂದು ಹಿರಿಯರು ಹೇಳುವುದುಂಟು. ಹೊಗೆ ಬೇವಿನದಾದರೂ ಹೊಗೆಯೇ. ಬಳ್ಳಾರಿ ಸೀಮೆಯ ಬೇಸಗೆಯ ರಾತ್ರಿಗಳಲ್ಲಿ ನಾಯಿ ನಾಲಗೆ ಚಾಚಿ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ತೇಕುತ್ತದೆ. ಮುಚ್ಚಿದ ಕೋಣೆಯ ಹೊಗೆಯೆಲ್ಲ ಅದರ ಒದ್ದೆಯಾದ ಮೂಗು ನಾಲಗೆಗಳ ಮೇಲೆ ಹಾಯುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಐವತ್ತು ಅರವತ್ತು ಲಕ್ಷವಾದರೆ ನಾಯಿಯ ಮೂಗಿನಲ್ಲಿ ಅವು 20 ಕೋಟಿಗೂ ಮಿಕ್ಕಿವೆಯೆಂದು ಲೆಕ್ಕ. ನಮಗೆ ಹಿತವಾದ ಪರಿಮಳವೂ ಅದಕ್ಕೆ ಕಿರುಕುಳವಾಗಿರಬಹುದು. ಕಿಟಕಿಯನ್ನು ತುಸು ತೆರೆದಿಟ್ಟು, ನಾಯಿಗೆ ಎದ್ದುಹೋಗಲು ದಾರಿ ಬಿಟ್ಟರೆ ಅದು ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುತ್ತದೆ. ಸರಪಳಿಯಲ್ಲಿ ಕಟ್ಟಿದ ನಾಯಿಗೆ ಈ ಸ್ವಾತಂತ್ರ್ಯವಿಲ್ಲ. ಸೊಳ್ಳೆಪರದೆಯೊಳಗೆ ಮಲಗುವ ಮನೆಯಲ್ಲಿ ಈ ತೊಂದರೆಯೇ ಬಾರದು.

ನಾವು ಕೈಕಾಲಿಗೆ ಹಚ್ಚಿಕೊಳ್ಳುವ ಲೇಪಗಳದು ಬೇರೆಯೇ ಜಾತಿ. ಅವು ಸೊಳ್ಳೆಯನ್ನು ಕೊಲ್ಲುವುದಿಲ್ಲ, ಅದರ ಘ್ರಾಣೇಂದ್ರಿಯವನ್ನು ದಿಕ್ಕುಗೆಡಿಸುತ್ತವೆ. ಅವುಗಳಲ್ಲಿ ಹೆಸರಾದ ಡೀಟ್ ಎಂಬುದನ್ನು ಅಮೆರಿಕದ ಸೈನ್ಯಕ್ಕಾಗಿ 1946ರಲ್ಲಿ ರೂಪಿಸಲಾಯಿತು. ಮನುಷ್ಯನು ಹಚ್ಚಿಕೊಂಡು ಸುಮ್ಮನಿರುತ್ತಾನೆ, ನಾಯಿ ನೆಕ್ಕಿಬಿಡುತ್ತದೆ. ಆದುದರಿಂದ ಅದನ್ನು ನಾಯಿಯ ಮೈಗೆ ಹಚ್ಚತಕ್ಕದ್ದಲ್ಲ. ಲೇಪ ಹಚ್ಚಿಕೊಂಡ ಕೈಯನ್ನು ನೆಕ್ಕಲು ಕೊಡುವುದೂ ಬೇಡ.

ಈ ನೆಕ್ಕುವಿಕೆಯಲ್ಲಿಯೇ ಎಲ್ಲಕ್ಕಿಂತ ದೊಡ್ಡ ಅಪಾಯ ಅಡಗಿದೆ. ನಾಯಿಯ ಪಾಲಿಗೆ ಚರ್ಮವೂ ಬಾಯಿಯೂ ಎರಡು ದಾರಿಗಳಲ್ಲ. ಮೈಗೆ ಹಚ್ಚಿದ್ದು ಗಳಿಗೆಯೊಳಗೆ ಹೊಟ್ಟೆಗೆ ಹೋಗುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಸಂಡೂರಿನ ಗುಡ್ಡಗಳ ಕೆಳಗಿನ ಹಳ್ಳಿಯೊಂದರಲ್ಲಿ ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿಯಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕಿವಿಗಳಲ್ಲಿ, ಬೆರಳುಗಳ ಸಂದಿಯಲ್ಲಿ ಹುಣಸೆಬೀಜದಂತೆ ಉಣ್ಣೆಗಳು ತುಂಬಿಕೊಂಡಿದ್ದವು. ಹತ್ತಿಯ ಹೊಲಕ್ಕೆಂದು ತಂದಿದ್ದ ಗ್ಯಾಮೆಕ್ಸಿನ್ ಪುಡಿ ಮನೆಯಲ್ಲಿತ್ತು. ಹುಳುವನ್ನು ಕೊಲ್ಲುವುದು ಉಣ್ಣೆಯನ್ನೂ ಕೊಲ್ಲಬೇಕಷ್ಟೆ ಎಂದುಕೊಂಡು, ನಾನೇ ಎರಡು ಮುಷ್ಟಿ ಪುಡಿಯನ್ನು ಅದರ ರೋಮದೊಳಕ್ಕೆ ತಿಕ್ಕಿದೆ. ಉಣ್ಣೆಗಳು ಉದುರಿದವು. ನನಗೆ ಬಹಳ ಸಂತೋಷವಾಯಿತು. ಸಂಜೆಯೆಲ್ಲ ಕರಿಯ ತನ್ನ ಮೈಯನ್ನು ನೆಕ್ಕುತ್ತ ಕುಳಿತಿತ್ತು. ನಡುರಾತ್ರಿಯಲ್ಲಿ ಅದಕ್ಕೆ ಸೆಳವು ಬರತೊಡಗಿತು, ಬೆಳಗಾಗುವುದರೊಳಗೆ ಸತ್ತಿತು. ಯಾರೋ ಹಗೆಯವರು ವಿಷ ಹಾಕಿದರೆಂದು ಮನೆಯವರು ಮಾತನಾಡಿಕೊಂಡರು. ನಾನು ಬಾಯಿಬಿಡಲಿಲ್ಲ. ಆ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಅದರ ನೆನಪು ಬಂದಿತು.

ಪುಡಿ ಹೋಯಿತು, ಅಭ್ಯಾಸ ಹೋಗಿಲ್ಲ. ಈಗ ಆ ಸ್ಥಾನಕ್ಕೆ ದನಕರುಗಳ ಉಣ್ಣೆಯ ಔಷಧ ಬಂದಿದೆ. ಶೇಕಡಾ 1.25ರ ಡೆಲ್ಟಾಮೆತ್ರಿನ್ ಗಟ್ಟಿದ್ರಾವಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಒಂದು ಮಿಲಿಲೀಟರಿನಲ್ಲಿ 12.5 ಮಿಲಿಗ್ರಾಂ ಕೀಟನಾಶಕವಿದೆ. ಇದರ 2 ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಬೆರೆಸಿದರೆ ಇಡೀ ಲೀಟರಿನಲ್ಲಿರುವುದು 25 ಮಿಲಿಗ್ರಾಂ ಮಾತ್ರ. ನೀರು ಬೆರೆಸದೆಯೇ 20 ಮಿಲಿಲೀಟರನ್ನು ಬೆನ್ನ ಮೇಲೆ ಸುರಿದರೆ 250 ಮಿಲಿಗ್ರಾಂ, ಅಂದರೆ ಹತ್ತರಷ್ಟು. ಜೊತೆಗೆ ಚರ್ಮವನ್ನು ಸುಡುವ ದ್ರಾವಕವೂ ಸೇರಿತು. ಅವಸರದಲ್ಲಿ ಸೀಸೆಯ ಮುಚ್ಚಳದಿಂದ ಅಳೆಯುವವರು ಎಷ್ಟು ಜನರಿಲ್ಲ! ಇದು ಲೆಕ್ಕಕ್ಕಾಗಿ ಹೇಳಿದ ಮಾತೇ ಹೊರತು ಔಷಧದ ಪ್ರಮಾಣವಲ್ಲ. ನಾಯಿಗೆ ಯಾವ ಔಷಧ, ಎಷ್ಟು ಎಂಬುದನ್ನು ಪಶುವೈದ್ಯರೇ ಗೊತ್ತುಮಾಡಬೇಕು.

ಹಾಗೆಂದು ಉಣ್ಣೆಗಳನ್ನು ಬಿಟ್ಟುಬಿಡುವುದು ಜಾಣತನವಲ್ಲ. ಸಂಡೂರಿನ ಕುರಿಹಟ್ಟಿಯ ನಾಯಿಯಾಗಲಿ ಹೊಸಪೇಟೆಯ ಮನೆಯ ನಾಯಿಯಾಗಲಿ, ಉಣ್ಣೆ ಕಚ್ಚಿದರೆ ರಕ್ತಕಣಗಳನ್ನು ಹಾಳುಮಾಡುವ ಬೆಬೀಸಿಯ, ಎರ್ಲಿಕಿಯ ಎಂಬ ರೋಗಾಣುಗಳು ದೇಹಕ್ಕೆ ಸೇರುವ ಭಯವುಂಟು. ಔಷಧ ಬೇಕು, ಅದು ನಾಯಿಗೆಂದು ತಯಾರಾದುದಾಗಿರಬೇಕು.

ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯನ್ನು ಮರಿಗಳು ಆಟದ ಚೆಂಡೆಂದು ನುಂಗುವುದುಂಟು. ಬಿಳಿಯ ಗುಳಿಗೆಗಳೆಲ್ಲ ಒಂದೇ ವಸ್ತುವಲ್ಲ: ಕೆಲವು ಕರ್ಪೂರ, ಕೆಲವು ನ್ಯಾಫ್ತಲೀನ್, ಕೆಲವು ಪ್ಯಾರಾಡೈಕ್ಲೋರೊಬೆನ್ಝೀನ್. ಕರ್ಪೂರ ನುಂಗಿದ ನಾಯಿಗೆ ಬಹುಬೇಗ ಸೆಳವು ಬರಬಹುದು. ನ್ಯಾಫ್ತಲೀನ್ ನಿಧಾನವಾಗಿ ಕರಗಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಒಂದೆರಡು ದಿನಗಳ ಅನಂತರ ಒಸಡು ಬಿಳಿಚಿ ಮೂತ್ರ ಕಂದಾಗಬಹುದು. ಯಾವುದನ್ನು ನುಂಗಿತೆಂದು ತಿಳಿಯುವುದು ಹೇಗೆ? ಪೆಟ್ಟಿಗೆಯಲ್ಲಿ ಉಳಿದ ಗುಳಿಗೆಯೊಂದನ್ನು ಇಕ್ಕಳದಿಂದ ಹಿಡಿದು, ಅಡಿಗೆಗೆ ಬಳಸದ ಗಾಜಿನ ಲೋಟದ ನೀರಿಗೆ ಹಾಕಿರಿ. ತೇಲಿದರೆ ಅದು ಕರ್ಪೂರ. ಮುಳುಗಿದರೆ, ಉಪ್ಪು ಇನ್ನು ಕರಗದೆನ್ನುವಷ್ಟು ಕದಡಿದ ಮತ್ತೊಂದು ಲೋಟದ ನೀರಿಗೆ ಹಾಕಿರಿ. ಆ ನೀರಿನ ಸಾಂದ್ರತೆ ಸುಮಾರು 1.2, ನ್ಯಾಫ್ತಲೀನಿನದು ಅದಕ್ಕಿಂತ ತುಸು ಕಡಿಮೆಯಾದುದರಿಂದ ಅದು ತೇಲುತ್ತದೆ. ಅಲ್ಲಿಯೂ ಮುಳುಗಿದ್ದು ಮೂರನೆಯದು. ಆರ್ಕಿಮಿಡೀಸನ ನಿಯಮಕ್ಕೆ ಇಂತಹದೊಂದು ಉಪಯೋಗವಿದೆಯೆಂದು ಪಠ್ಯಪುಸ್ತಕಗಳು ಹೇಳುವುದಿಲ್ಲ.

ವೈದ್ಯರಿಗೆ ವಸ್ತುವಿನ ಗುರುತು ಇಷ್ಟು ಅವಶ್ಯವೇಕೆ? ಹೊಲದ ಔಷಧಗಳಲ್ಲಿ ಮತ್ತೊಂದು ಗುಂಪುಂಟು: ಸಾವಯವ ರಂಜಕದ ಸಂಯುಕ್ತಗಳು ಮತ್ತು ಕಾರ್ಬಮೇಟುಗಳು. ತಿಗಣೆ ಜಿರಳೆಗಳಿಗಾಗಿ ಮನೆಗಳಲ್ಲಿಯೂ ಬಳಸುತ್ತಿದ್ದ ಡೈಕ್ಲೋರ್ವಾಸ್ ಈ ಗುಂಪಿನದು. ಅದನ್ನು 2020ರ ಕೊನೆಯಿಂದ ನಿಷೇಧಿಸಲಾಗಿದೆಯಾದರೂ ಹಳೆಯ ಸೀಸೆಗಳು ಅಟ್ಟದ ಮೇಲೆ ಉಳಿದಿರಬಹುದು. ಇವು ಕೆಡಿಸುವುದು ನರ ಮತ್ತು ಸ್ನಾಯುಗಳ ನಡುವೆ ಸಂದೇಶವನ್ನು ಅಳಿಸುವ ಕಿಣ್ವವನ್ನು. ನಾಯಿಗೆ ಜೊಲ್ಲು, ಕಣ್ಣೀರು, ಭೇದಿ ಒಟ್ಟಿಗೆ ಹರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇದಕ್ಕೆ ಅಟ್ರೊಪಿನ್ ಎಂಬ ಪ್ರತ್ಯೌಷಧವಿದೆ. ಸಕಾಲಕ್ಕೆ ಚುಚ್ಚಿದರೆ ನಾಯಿ ಬದುಕೀತು. ಪೈರೆತ್ರಾಯ್ಡ್‌ಗಳಿಗೆ ಅಂತಹ ನೇರವಾದ ಪ್ರತ್ಯೌಷಧವಿಲ್ಲ. ನಡುಕವನ್ನು ತಡೆದು ಯಕೃತ್ತಿಗೆ ಕಾಲಾವಕಾಶ ಕೊಡುವುದೇ ಚಿಕಿತ್ಸೆ. ಆದುದರಿಂದ ಆಸ್ಪತ್ರೆಗೆ ಓಡುವಾಗ ನಾಯಿಯ ಜೊತೆಗೆ ಸೀಸೆಯನ್ನೂ ಒಯ್ಯಿರಿ.

ಸೀಸೆಯ ಮೇಲೆ ಮೊನೆಯಾಧಾರವಾಗಿ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋಣದ ಬಣ್ಣವನ್ನು ಗಮನಿಸಿರಿ. 1968ರ ಕೀಟನಾಶಕ ಅಧಿನಿಯಮದ ಕೆಳಗೆ ಮಾಡಿದ ನಿಯಮಗಳಂತೆ ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ, ನೀಲಿ ಮಧ್ಯಮ, ಹಸುರು ಅಲ್ಪ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ಕಿಲೋಗ್ರಾಂ ತೂಕಕ್ಕೆ 50 ಮಿಲಿಗ್ರಾಂ ಮೀರದಿದ್ದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲಾದರೆ ಹಸುರು. ಹಸುರೆಂದರೆ ಅಪಾಯವೇ ಇಲ್ಲವೆಂದಲ್ಲ. ಶ್ವಾಸಕೋಶಕ್ಕೆ ಹೋದ ಎಣ್ಣೆಯ ಲೆಕ್ಕ ಈ ತ್ರಿಕೋಣದಲ್ಲಿ ಬರುವುದಿಲ್ಲ.

ನಾಯಿಯ ಮೈಮೇಲೆ ಔಷಧ ಹೆಚ್ಚಾಗಿ ಬಿದ್ದು ಅದು ಜೊಲ್ಲು ಸುರಿಸುತ್ತ, ಕಿವಿ ಅದುರಿಸುತ್ತ, ಕಾಲು ಕೊಡವುತ್ತ, ತೂರಾಡುತ್ತ ಇದ್ದರೆ ಮೊದಲು ಮಾಡಬೇಕಾದುದು ಸ್ನಾನ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆಯಿರಿ. ತಣ್ಣೀರು ಬೇಡ. ಪೈರೆತ್ರಾಯ್ಡ್‌ಗಳು ತಣ್ಣನೆಯ ನರದ ಮೇಲೆ ಹೆಚ್ಚು ಉಗ್ರವೆಂದು ಹಿಂದೆ ಹೇಳಿದೆಯಷ್ಟೆ; ನಡುಗುತ್ತಿರುವ ನಾಯಿಯನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿದರೆ ವಿಷಕ್ಕೆ ಸಹಾಯ ಮಾಡಿದಂತಾಗುತ್ತದೆ. ತೊಳೆದಮೇಲೆ ಒರೆಸಿ ಬೆಚ್ಚಗಿಡಿ, ನೆಕ್ಕದಂತೆ ನೋಡಿಕೊಳ್ಳಿ. ಹಾಲು, ತುಪ್ಪ, ಹರಳೆಣ್ಣೆ ಕುಡಿಸುವ ಪದ್ಧತಿಯನ್ನು ಬಿಡಬೇಕು. ಈ ವಸ್ತುಗಳಲ್ಲಿ ಹಲವು ಕೊಬ್ಬಿನಲ್ಲಿ ಕರಗಿ ಇನ್ನೂ ಬೇಗ ರಕ್ತಕ್ಕೆ ಸೇರುತ್ತವೆ. ಉಪ್ಪುನೀರು ಕುಡಿಸಿದರೆ ಉಪ್ಪೇ ವಿಷವಾದೀತು. ಈರುಳ್ಳಿಯ ರಸವಂತೂ ನಾಯಿಯ ರಕ್ತಕಣಗಳನ್ನು ತಾನೇ ಒಡೆಯುತ್ತದೆ. ಬಳಿಕ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ. ದೂರದ ಹಳ್ಳಿಯವರು 1962 ಎಂಬ ಪಶು ಸಹಾಯವಾಣಿಗೆ ಮೊದಲೇ ಕರೆ ಮಾಡಿ ಕೇಳಬಹುದು.

ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಬೇಕು. ಉಣ್ಣೆಯ ಔಷಧ ಹಚ್ಚಿದ ನಾಯಿಯನ್ನು ಕಾಲುವೆಯಲ್ಲೋ ಹೊಳೆಯಲ್ಲೋ ಈಜಲು ಬಿಡುವುದು ನಮ್ಮ ಕಡೆಯ ರೂಢಿ. ನಾಯಿಗೆ ಅಲ್ಪವಾದುದು ಮೀನಿಗೆ ಅಲ್ಪವಲ್ಲ. ಮೀನಿನ ಮೈ ತಣ್ಣಗೆ. ಅದರ ಯಕೃತ್ತಿನಲ್ಲಿ ಪೈರೆತ್ರಾಯ್ಡನ್ನು ಒಡೆಯುವ ಶಕ್ತಿ ಬಹಳ ಕಡಿಮೆ. ಲೀಟರಿಗೆ ಮಿಲಿಗ್ರಾಂನ ಸಾವಿರದ ಕೆಲವು ಭಾಗಗಳಿದ್ದರೂ ಅದು ಸಾಯಬಹುದು. ಇಂಗ್ಲೆಂಡಿನ 20 ನದಿಗಳ ನೀರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಾಕುಪ್ರಾಣಿಗಳ ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಬಹುಮಟ್ಟಿಗೆ ಎಲ್ಲ ಮಾದರಿಗಳಲ್ಲಿಯೂ ಕಂಡುಬಂದಿತು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಹಂಪೆಯ ಬಂಡೆಗಳ ನಡುವೆ ಬೆಳಗಿನ ಹೊತ್ತು ಸುಮ್ಮನೆ ಕುಳಿತಿದ್ದರೆ ಅವು ಕಣ್ಣಿಗೆ ಬೀಳುವುದುಂಟು. ಹೆಸರಿನಲ್ಲಿ ಮಾತ್ರ ನಾಯಿಯಾದ ಆ ಪ್ರಾಣಿಯ ಮುಖ್ಯ ಆಹಾರ ಮೀನು. ಮನೆಯ ನಾಯಿಯ ಮೈ ತೊಳೆದ ನೀರನ್ನು ಹಿತ್ತಿಲ ಮಣ್ಣಿನಲ್ಲಿ, ಬಾವಿಯಿಂದ ದೂರವಾಗಿ ಇಂಗಿಸಿರಿ. ಔಷಧ ಹಚ್ಚಿದ ಮೇಲೆ ಕೆಲವು ದಿನ ಅದನ್ನು ಹೊಳೆಗೆ ಬಿಡಬೇಡಿರಿ.